ದೂರಿಲ್ಲದ ದೋಣಿ

ಮೊದಲು ಆಣೆ ಇಡು. ದೇವರ ಮೇಲೆ ಬೇಡ, ಅವನು ಕ್ಷಮಿಸಿಬಿಡ್ತಾನೆ. ನಿಮ್ಮನೆ ಹೊಸ ಫ್ರಿಜ್ಜಿನ ಮೇಲೆ ಇಡು. ಹಾಂ. ಈ ಮಾತು ನಮ್ಮ ಈ ಅಡುಗೆಮನೆ ಹೊಸಿಲು ದಾಟಬಾರದು. ನಾನಂತೂ ಯಾರಿಗೂ ಹೇಳಿಲ್ಲ. ಹಾಲಿನವಳಿಗೆ ಹೇಳಿದೆ, ಇಸ್ತ್ರಿಯವನಿಗೆ ಹೇಳಿದೆ, ಬಸ್ಸಲ್ಲಿ ಪಕ್ಕ ಕೂತಿದ್ದ ಒಬ್ಬಳಿಗೆ ಹೇಳಿದೆ. ಅವಳು ಮುಂದಿನ ಸ್ಟಾಪಲ್ಲೇ ಇಳಿದ್ಲು, ಲೆಕ್ಕಕ್ಕಿಲ್ಲ.

ವಿಷಯ ಇಷ್ಟೇ. ನಮ್ಮ ಬೀದಿಯ ನಿವೃತ್ತ ನೌಕರರ ಜಲವಿಹಾರ ಸಂಘದವರು ಒಂದು ಮಧ್ಯಮ ಗಾತ್ರದ ಹಾಯಿದೋಣೀನ ನಿಯಮದ ಪ್ರಕಾರ ಆರಿಸಿದಾರೆ. ಒಂದೇ ಒಂದು ತಪ್ಪಿಲ್ಲ. ಅದರಿಂದಲೇ ಇಷ್ಟೆಲ್ಲ ಆಗಿದ್ದು.

ಶುರುವಾಗಿದ್ದು ನಮ್ಮ ಭಾವನಿಂದ. ಅಕ್ಕನ ಗಂಡ ಕಣೇ. ಮೂವತ್ತೊಂದು ವರ್ಷ ಬಂದರು ಕಚೇರೀಲಿ ಕೂತು ಇಂಥ ಹಡಗು ಬಂತು, ಇಂಥದ್ದು ಹೋಯ್ತು ಅಂತ ಬರೆದೋರು. ಕಿಟಕೀಲಿ ಎದುರು ದಡ ಕಾಣ್ತಿತ್ತಂತೆ. ಒಂದು ದಿನಾನೂ ಅಲ್ಲಿಗೆ ಹೋದೋರಲ್ಲ. "ಸ್ಟೀಮರಲ್ಲಿ ಹೋಗಿಬನ್ನಿ ಭಾವ, ಮುಕ್ಕಾಲು ಗಂಟೆ" ಅಂದ್ರೆ, "ಅದು ಹೋಗೋದಲ್ಲಮ್ಮಾ, ಸಾಗಿಸೋದು. ಮೂಟೆ ಹೋದ ಹಾಗೆ" ಅಂತಾರೆ. ಗಾಳೀಲೇ ಹೋಗಬೇಕು, ಚುಕ್ಕಾಣಿ ತಾನೇ ಹಿಡೀಬೇಕು. ಇತ್ತ ಡಾಕ್ಟ್ರು ಮಂಡಿ ತಟ್ಟಿ ನೋಡಿ, "ನಾಲ್ಕು ತಿಂಗಳಲ್ಲಿ ಆಪರೇಷನ್. ಆಮೇಲೆ ಏಣಿ ಹತ್ತೋ ಆಟ ಬಂದ್" ಅಂದ್ರು. ನಾಲ್ಕೇ ತಿಂಗಳು. ಒಬ್ಬರ ಪಿಂಚಣೀಲಿ ದೋಣಿ ಬರುತ್ತಾ? ಅದಕ್ಕೇ ಭಾವ ಮನೆಮನೆ ತಿರುಗಿ, ತಾವೂ ಸೇರಿ ಹದಿನಾಲ್ಕು ಜನರ ಸಂಘ ಕಟ್ಟಿದ್ರು.

ಕಟ್ಟಿದ್ದು ಭಾವ, ಕಾರ್ಯದರ್ಶಿ ಆಗಿದ್ದು ಸುತ್ತೋಲೆ. ಅವರ ನಿಜವಾದ ಹೆಸರು ಹೆಂಡತಿಗೂ ಮರೆತುಹೋಗಿದೆ. ಸೀನಿದ್ರೂ ಎರಡು ಪ್ರತಿ ತೆಗೆಯೋ ಮನುಷ್ಯ. ಮೊದಲನೇ ದಿನವೇ ಗೋಡೆಗೆ ಅಂಟಿಸಿದ್ರು:

"ಈ ಮೂಲಕ ಸರ್ವ ಸದಸ್ಯರಿಗೂ ತಿಳಿಯಪಡಿಸುವುದೇನೆಂದರೆ, ಮಧ್ಯಮ ಗಾತ್ರದ ಹಾಯಿದೋಣಿಯನ್ನು ಕಣ್ಣಂದಾಜಿನಿಂದಾಗಲಿ, ಆಸೆಯಿಂದಾಗಲಿ, ಹತ್ತಿ ನೋಡುವುದರಿಂದಾಗಲಿ ಆರಿಸತಕ್ಕದ್ದಲ್ಲ. ಹಾಲಿ ಮಾಲೀಕರ ಅನುಭವವನ್ನು ನಮೂನೆ ಏಳರಲ್ಲಿ ಪಡೆದು, ಯಾವ ದೋಣಿಯ ಮೇಲೆ ಅತಿ ಕಡಿಮೆ ದೂರುಗಳಿವೆಯೋ ಅದನ್ನೇ ಆಯ್ಕೆ ಮಾಡತಕ್ಕದ್ದು."

ಭಾವ ಖುಷಿಯಾಗಿದ್ರು. ಅನುಭವಸ್ಥರ ಮಾತು ಕೇಳೋದು ಒಳ್ಳೇದಲ್ವಾ? ಮಧ್ಯಮ ಗಾತ್ರ ಅಂದ್ರೆ ಎಷ್ಟು ಅಂತ ಭಾವ ಕೇಳಿದ್ದೇ ತಪ್ಪಾಯ್ತು. ಉಪಸಮಿತಿ ಕೂತು, ಐದು ವಾರ ಬಿಸ್ಕತ್ತು ತಿಂದು, "ಇದಕ್ಕಿಂತ ಚಿಕ್ಕದೂ ದೊಡ್ಡದೂ ಬೇರೆ ಎಲ್ಲಾದರೂ ಇರತಕ್ಕದ್ದು" ಅಂತ ತೀರ್ಮಾನ ಮಾಡ್ತು.

ಆಮೇಲೆ ನಮೂನೆಗಳು ಬಂದ್ವು. ಹಲ್ಲಿನ ಡಾಕ್ಟ್ರು ಬರೆದಿದ್ರು: ಒಳಗೆ ಎದ್ದು ನಿಂತರೆ ತಲೆ ತಾಗುತ್ತದೆ, ಹದಿನಾರು ಸಲ ತಾಗಿದೆ, ದಿನಾಂಕ ಲಗತ್ತಿಸಿದೆ. ಒಂದೇ ದೋಣಿಗೆ ಪಾಲುದಾರರಾದ ಅಣ್ಣತಮ್ಮ ಇದಾರಲ್ಲ, ಅಣ್ಣ ಬರೆದ: ದೋಣಿ ಸರಿಯಿದೆ, ತಮ್ಮನಿಂದ ತೊಂದರೆ. ತಮ್ಮ ಕೆಳಗೆ ಬರೆದ: ಮೇಲಿನಂತೆಯೇ, "ತಮ್ಮ" ಎಂಬಲ್ಲಿ "ಅಣ್ಣ" ಎಂದು ಓದಿಕೊಳ್ಳುವುದು.

ಆಮೇಲೆ ಬಂತು ನೋಡು ಗಣಿತದ ಟೀಚರಮ್ಮಂದು. ಇಪ್ಪತ್ತೆರಡು ವರ್ಷ ಒಬ್ಬಳೇ ದೋಣಿ ಓಡಿಸಿದ ಹೆಂಗಸು. ಈಗ ಕಣ್ಣು ಮಂಜು, ಯಾರಾದ್ರೂ ಅಕ್ಕರೆಯಿಂದ ನೋಡ್ಕೊಳ್ಳೋರಿಗೆ ಕೊಡ್ತೀನಿ ಅಂತಿದ್ಲು. ಹದಿನಾಲ್ಕು ಪುಟ ಬರೆದಿದ್ಲು. ಹಿಂದಿನಿಂದ ಗಾಳಿ ಬಿದ್ರೆ ಓಲಾಡುತ್ತೆ, ಆಗ ಹಾಯಿ ಅರ್ಧ ಮಡಚಿ. ಮೂರನೇ ಕಿಟಕಿ ಸೋರುತ್ತೆ, ಕೆಳಗೆ ಮಲಗಬೇಡಿ. ಲಂಗರು ಎತ್ತೋವಾಗ ಮೊಂಡು ಮಾಡುತ್ತೆ, ಬೈಬೇಡಿ, ಸ್ವಲ್ಪ ಹೊತ್ತು ಬಿಟ್ಟು ಎಳೀರಿ. ಭಾವ ಮೂರು ಸಲ ಓದಿ ಕನ್ನಡಕ ಒರೆಸಿಕೊಂಡ್ರು. "ಇದೇ ದೋಣಿ" ಅಂದ್ರು.

ಸುತ್ತೋಲೆ ಬೆರಳು ಮಡಚಿ ಎಣಿಸಿದ್ರು. "ಅರವತ್ತೊಂದು ದೂರು. ತಿರಸ್ಕೃತ."

ಟೀಚರಮ್ಮ ಸಭೇಲೇ ಎದ್ದು ನಿಂತ್ಲು. "ರೀ ಸ್ವಾಮಿ, ದೋಣಿ ಅಂದ್ರೆ ಗಂಡ ಇದ್ದ ಹಾಗೆ. ಒಂದೂ ದೂರಿಲ್ಲ ಅಂದ್ರೆ ಆತ ಮನೇಲಿಲ್ಲ ಅಂತ ಅರ್ಥ."

"ಗಂಡ ನಮೂನೆ ಏಳರಲ್ಲಿ ಬರೋದಿಲ್ಲಮ್ಮಾ" ಅಂದ್ರು ಸುತ್ತೋಲೆ.

ಕೊನೇಲಿ ಉಳಿದಿದ್ದು ದರ್ಜಿಯ ನಮೂನೆ. ದರ್ಜಿ ಯಾರು? ಸುತ್ತೋಲೆಯ ಷಡ್ಡಕ. ನಾನೇನೂ ಹೇಳಲ್ಲಪ್ಪ, ಷಡ್ಡಕ ಆಗೋದು ಅಪರಾಧವೇನಲ್ಲ. ಅಕ್ಕನ ಮನೆಗೂ ನಮ್ಮನೆಗೂ ನಡುವೆ ಇರೋದು ಅವನದೇ ಹಿತ್ತಲು. ಹನ್ನೊಂದು ವರ್ಷದ ಹಿಂದೆ ಯಾರೋ ಗಿರಾಕಿ ಹಾಯಿ ಹೊಲಿಸೋಕೆ ಅಂತ ದೋಣಿ ಸಮೇತ ತಂದಿಟ್ಟು ಹೋದೋನು, ಪತ್ತೆಯಿಲ್ಲ. ಅವತ್ತಿಂದ ಮರದ ಊರುಗೋಲಿನ ಮೇಲೆ ನಿಂತಿದೆ. ಒಳಗೆ ಕೋಳಿ ಮೊಟ್ಟೆ ಇಡುತ್ತೆ. ದರ್ಜಿ ನಮೂನೇಲಿ ನಿಜಾನೇ ಬರೆದಿದ್ದ. ಸೋರಿಕೆ: ಇಲ್ಲ. ಓಲಾಟ: ಇಲ್ಲ. ವಾಕರಿಕೆ: ಇಲ್ಲ. ಬಿರುಗಾಳಿಯಲ್ಲಿ ತೊಂದರೆ: ಇಲ್ಲ. ಮಾಲೀಕರ ಅನುಭವ: ಇಲ್ಲ.

ಸಭೆಗೆ ಸಭೆಯೇ ಚಪ್ಪಾಳೆ ಹೊಡೀತು.

ಭಾವ ಕೂಗಿದ್ರು, "ಅಯ್ಯೋ ಸ್ವಾಮಿ, ಅದು ನೀರೇ ನೋಡಿಲ್ಲ!"

"ಇದು ದೂರೋ?"

"ದೂರೇ!"

"ತಾವು ಮಾಲೀಕರೋ?"

"ಅಲ್ಲ."

"ಮಾಲೀಕರಲ್ಲದವರ ದೂರನ್ನು ಪರಿಗಣಿಸತಕ್ಕದ್ದಲ್ಲ." ಕೈ ಎತ್ತಿಸಿದ್ರು. ಹದಿಮೂರು ಕೈ ಎದ್ವು.

ಹೋಗಲಿ, ಇದನ್ನೇ ನೀರಿಗೆ ಇಳಿಸೋಣ ಅಂತ ಭಾವ ಅರ್ಜಿ ಹಾಕಿದ್ರು. ಉತ್ತರ ಬಂತು: "ಸದರಿ ದೋಣಿಯನ್ನು ನೀರಿಗಿಳಿಸಿದಲ್ಲಿ ದೂರುಗಳು ಉದ್ಭವಿಸುವ ಸಂಭವವಿದೆ. ಒಂದೇ ದೂರು ಬಂದರೂ ಆಯ್ಕೆ ತಾನಾಗಿ ರದ್ದಾಗುತ್ತದೆ. ಆದಕಾರಣ ಇಳಿಸತಕ್ಕದ್ದಲ್ಲ." ಜೊತೆಗೆ ದರ್ಜಿಯನ್ನ ಬಂದರು ಅಧಿಕಾರಿ ಮಾಡಿ, ಕೋಳಿಗಳನ್ನ ಸಿಬ್ಬಂದಿ ಅಂತ ತೋರಿಸಿದ್ರು.

ಆಪರೇಷನ್ನಿಗೆ ಮೂರು ವಾರ ಉಳಿದಿತ್ತು ಕಣೇ. ಭಾವ ಎರಡು ದಿನ ಹೊದ್ದು ಮಲಗಿಬಿಟ್ರು. ಅಕ್ಕ ನನ್ನ ಹತ್ರ ಬಂದು ಅತ್ತಳು. "ಹಾಳು ದಡ, ನಾನೇ ಇವರನ್ನ ಎತ್ತಿಕೊಂಡು ಹೋಗಿ ಬಿಡ್ಲೇನೇ?" ಅಂದ್ಲು.

ಮೂರನೇ ದಿನ ಭಾವ ಎದ್ದು ಮುಖ ತೊಳೆದು ಹೇಳಿದ್ರು, "ಮೂವತ್ತೊಂದು ವರ್ಷ ಹಡಗು ಬಂತು ಅಂತ ಬರೆದೆನಲ್ಲ, ಯಾವತ್ತಾದ್ರೂ ಎದ್ದು ಹೋಗಿ ನೋಡಿದ್ನಾ? ಕಾಗದ ಬಂದ್ರೆ ಹಡಗೂ ಬಂತು." ಕೂತು ಒಂದು ಅರ್ಜಿ ಬರೆದ್ರು. ಪ್ರಯಾಣ ಎಂದರೆ ಒಂದು ದಡದಲ್ಲಿ ದೋಣಿ ಹತ್ತಿ ಇನ್ನೊಂದು ದಡದಲ್ಲಿ ಇಳಿಯುವುದು ಎಂದು ವ್ಯಾಖ್ಯಾನಿಸಬೇಕಾಗಿ ಪ್ರಾರ್ಥನೆ. ಇಷ್ಟು ಚೆಂದದ ಅರ್ಜಿ ಜನ್ಮದಲ್ಲಿ ನೋಡಿರಲಿಲ್ಲ ಅಂತ ಸುತ್ತೋಲೆ ಅಲ್ಲೇ ಸಹಿ ಹಾಕಿದ್ರು. ದರ್ಜಿ ಹಿತ್ತಲಿನ ಆ ಕಡೆ ಇರೋ ಅಕ್ಕನ ಮನೆ ಹೊರಡೋ ದಡ. ಈ ಕಡೆ ಇರೋ ನಮ್ಮನೆ ಹಿಂಬಾಗಿಲು ಎದುರು ದಡ.

ನಗಬೇಡ. ನಾನೂ ಮೊದಲ ದಿನ ನಕ್ಕೆ. ಬೆಳಿಗ್ಗೆ ಒಂಬತ್ತಕ್ಕೆ ಭಾವ ಅಕ್ಕನ ಕಡೆಯಿಂದ ಏಣಿ ಹತ್ತಿ ಹಾಯಿ ಬಿಚ್ತಾರೆ. ಗಾಳಿ ನಿಜವಾದ್ದೇ, ಹಾಯೀನೂ ನಿಜವಾದ್ದೇ, ಊರುಗೋಲು ಕಿರ್ ಅನ್ನುತ್ತೆ. ಟೀಚರಮ್ಮ ಕೆಳಗೆ ಕುರ್ಚಿ ಹಾಕ್ಕೊಂಡು, "ಗಾಳಿ ತಿರುಗ್ತು, ಹಗ್ಗ ಬಿಡ್ರೀ! ಬಗ್ಗಿ, ಬಗ್ಗಿ!" ಅಂತ ಕಿರುಚ್ತಾಳೆ. ಅಕ್ಕ ಅವಳ ಮನೆ ದಡದಲ್ಲಿ ನಿಂತು ಟವಲ್ ಬೀಸ್ತಾಳೆ. ನಾಲ್ಕು ಗಂಟೆ ಪ್ರಯಾಣ. ಮೊದಲ ಸಲ ನಮ್ಮ ಹಿಂಬಾಗಿಲಲ್ಲಿ ಇಳಿದು, ಮಂಡಿ ಹಿಡ್ಕೊಂಡು, ಸುತ್ತ ನೋಡಿ ಏನಂದ್ರು ಗೊತ್ತಾ? "ಎದುರು ದಡ ಹೇಗಿರುತ್ತೋ ಅಂತಿದ್ದೆ. ಥೇಟ್ ನಮ್ಮೂರ ಹಾಗೇ ಇದೆ!" ಆ ಮುಖ ನೋಡಿ ನನಗೆ ನಗು ಬರಲಿಲ್ಲ ಕಣೇ. ನೀರು ಕೊಟ್ಟೆ.

ಈಗ ಗುಟ್ಟಿಗೆ ಬರ್ತೀನಿ, ಹತ್ರ ಬಾ. ಮೊನ್ನೆ ಮಳೆ ಬಂತಲ್ಲ, ದೋಣಿ ಮೇಲಿಂದ ಸೋರಿತು. ಒಳಗೆ ಮೊಣಕಾಲುದ್ದ ನೀರು. ಸುತ್ತೋಲೆ ಕಿವಿಗೆ ಬಿದ್ರೆ ಒಂದು ದೂರು ಆಗುತ್ತೆ, ಆಯ್ಕೆ ರದ್ದು, ಪ್ರಯಾಣ ಬಂದ್. ಅದಕ್ಕೇ ನಾನು, ಅಕ್ಕ, ದರ್ಜಿ, ಟೀಚರಮ್ಮ ಬಕೆಟ್ಟಲ್ಲಿ ಎತ್ತಿ ಹಾಕಿದ್ವಿ. ಸುತ್ತೋಲೆಯ ಹೆಂಡತೀನೂ ಬಂದು ಎತ್ತಿದ್ಲು ನೋಡು. ಭಾವ ಮಾತ್ರ ಮೇಲೆ ನಿಂತು, "ಕೊನೆಗೂ ನೀರು ಬಂತು!" ಅಂತ ಕುಣೀತಿದ್ರು, ಅದೇ ಮಂಡೀಲಿ. ಅದಕ್ಕೇ ಹೇಳಿದ್ದು, ನಿನ್ನ ಬಾಯಿ...

ಷ್! ಹಿಂಬಾಗಿಲು ಬಡೀತಿದೆ. ಗಂಟೆ ಒಂದಾಯ್ತಾ? ಬಂದ್ರು! ಬಂದೆ ಭಾವ, ಬಂದೆ! ಅಯ್ಯೋ, ನೀನು ಏಳಬೇಡ, ಬಾಗಿಲು ಹಾಗೆಲ್ಲ ತೆಗೆಯೋ ಹಾಗಿಲ್ಲ, ನಿಯಮ ಇದೆ. ಮೊದಲು ಒಳಗಿಂದ ಕೇಳಬೇಕು. ಹಡಗು ಯಾವುದು? ಎಲ್ಲಿಂದ ಬಂತು?