ಎಡಚ ಬೇಕಾಗಿದ್ದಾನೆ

ತಂಡದಲ್ಲಿ ಇದ್ದೊಬ್ಬ ಎಡಗೈ ಎಸೆತಗಾರ ಬೆಳಿಗ್ಗೆ ಹಲ್ಲುಜ್ಜುವಾಗ ಭುಜ ಉಳುಕಿಸಿಕೊಂಡ. ಸಂಜೆ ಏಳು ಗಂಟೆಗೆ ಪಂದ್ಯ. ಎದುರಾಳಿಗಳಲ್ಲಿ ಎಡಗೈಯಿಂದ ಬ್ಯಾಟ್ ಬೀಸುವವರೇ ಐದು ಜನ. ಕೊನೆಯ ಸುತ್ತುಗಳಲ್ಲಿ ಅವರನ್ನು ಕಟ್ಟಿಹಾಕಲು ಎಡಚನೇ ಬೇಕು.

"ಸಂಜೆಯೊಳಗೆ ಒಬ್ಬ ಎಡಚನ್ನ ಹಿಡ್ಕೊಂಡು ಬಾ. ಅಗ್ಗಕ್ಕೆ ಸಿಗಬೇಕು, ಕೈಕೊಟ್ರೂ ನಮಗೆ ನಷ್ಟ ಆಗಬಾರದು. ಸಿಗದಿದ್ರೆ ನಾಳೆಯಿಂದ ನೀನೂ ಬರಬೇಡ," ಎಂದ ತರಬೇತುದಾರ ಡ್ವೇಯ್ನ್.

ಕಾನ್ಸಾಸಿನ ಆ ಪುಟ್ಟ ಬೇಸ್‌ಬಾಲ್ ಕ್ಲಬ್ಬಿನ ಗುಮಾಸ್ತ ಲೆಲ್ಯಾಂಡ್ ಕಾದ ಹಂಚಿನ ಮೇಲಿನ ನೀರಹನಿಯಂತೆ ಚಡಪಡಿಸಿದ. ಹಳೆಯ ಎಸೆತಗಾರರ ಪಟ್ಟಿ ಹಿಡಿದು ಫೋನಿಗೆ ಕೂತ. ಮೊದಲನೆಯವನ ಕೈಗೆ ಆಪರೇಷನ್ ಆಗಿತ್ತು. ಎರಡನೆಯವನ ಹೆಂಡತಿ ಫೋನ್ ಎತ್ತಿದಳು.

"ಅವರು ಈಗ ಎಸೆಯೋದು ಮನೆ ಕಸ ಮಾತ್ರ. ಅದೂ ನಾನು ಮೂರು ಸಲ ಹೇಳಿದ್ಮೇಲೆ."

ಟಿಕೆಟ್ ಕೊಡುವ ವರ್ನಾ ಹಿಂದಿನಿಂದ ಪಟ್ಟಿಗೆ ಇಣುಕಿದಳು. "ಟೈರ್ ಅಂಗಡಿ ಟ್ರೆಂಟ್‌ನ ಕೇಳೋ. ಮೊಣಕೈ ನೆಟ್ಟಗಿಲ್ಲ ಅಂತ ದೊಡ್ಡ ತಂಡದೋರು ಓಡಿಸಿದ್ರಲ್ಲ, ಅವನೇ."

ಮೂರು ಗಂಟೆಗೆ ಟ್ರೆಂಟ್ ಬಂದ. ಅವನದು ಒಂದೇ ಷರತ್ತು.

"ದೊಡ್ಡ ತಂಡ ಕರೆದ್ರೆ ಆ ಕ್ಷಣವೇ ಹೊರಡ್ತೀನಿ."

ನಿನ್ನನ್ನು ಯಾರಯ್ಯಾ ಕರೀತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡ ಲೆಲ್ಯಾಂಡ್, ಷರತ್ತನ್ನು ಒಪ್ಪಂದದಲ್ಲಿ ಸೇರಿಸಿಬಿಟ್ಟ.

ಟ್ರೆಂಟ್ ಅಭ್ಯಾಸಕ್ಕೆ ಹತ್ತು ಚೆಂಡು ಎಸೆದ. ಹಿಡಿದವನ ಅಂಗೈ ಮೆಣಸಿನಕಾಯಿಯಾಯಿತು. ಆ ವರ್ಷ ಡ್ವೇಯ್ನ್ ನಕ್ಕಿದ್ದು ಅದೇ ಮೊದಲು. ಬೆಳಗಿನಿಂದ ಹಸಿದಿದ್ದ ಲೆಲ್ಯಾಂಡ್ ಸಮಾಧಾನದಿಂದ ಒಂದು ಹಾಟ್‌ಡಾಗ್ ತಿಂದ.

ಐದೂವರೆಗೆ ಫೋನ್ ಬಂತು. ದೊಡ್ಡ ತಂಡವೊಂದಕ್ಕೆ ಟ್ರೆಂಟ್ ಈಗಿಂದೀಗಲೇ ಬೇಕಂತೆ.

"ಅವರಿಗೆ ಹೇಗೆ ಗೊತ್ತಾಯ್ತು?" ಫೋನ್ ಇಟ್ಟ ಲೆಲ್ಯಾಂಡ್ ವರ್ನಾಳತ್ತ ತಿರುಗಿದ.

ವರ್ನಾ ತಲೆ ತಗ್ಗಿಸಿದಳು. "ನನ್ನ ತಂಗಿ ಗಂಡ ಅಲ್ಲೇ ಕೆಲಸ ಮಾಡೋದು ಕಣೋ. ಎಷ್ಟು ಚೆನ್ನಾಗಿ ಎಸೆದ ಅಂತ ವಿಡಿಯೊ ಕಳಿಸ್ದೆ. ಹೊಟ್ಟೇಲಿ ಇಟ್ಕೊಳ್ಳಕ್ಕೆ ಆಗ್ಲಿಲ್ಲ."

ಟ್ರೆಂಟ್ ಎಲ್ಲರ ಕೈ ಕುಲುಕಿ ಕಾರು ಹತ್ತಿದ. ಅವನ ಬಿಡುಗಡೆ ಪತ್ರಕ್ಕೆ ಲೆಲ್ಯಾಂಡ್ ಸಹಿ ಹಾಕತೊಡಗಿದ. ಬಾಗಿಲು ತಳ್ಳಿಕೊಂಡು ಬಂದ ಡ್ವೇಯ್ನ್ ಬೈಯಲು ಬಾಯಿ ತೆರೆದವನು, ಪೆನ್ನು ಕಂಡು ಹಾಗೇ ನಿಂತ. ಉಕ್ಕುತ್ತಿದ್ದ ಹಾಲಿಗೆ ನೀರು ಚಿಮುಕಿಸಿದಂತೆ ಅವನ ಸಿಟ್ಟು ಇಳಿಯಿತು.

"ಲೆಲ್ಯಾಂಡ್, ನೀನು ಎಡಗೈಲಿ ಬರೀತೀಯಾ?"

"ಹೂಂ ಸರ್. ಚಿಕ್ಕಂದಿನಿಂದ."

ಡ್ವೇಯ್ನ್ ಗಡಿಯಾರ ನೋಡಿದ. ಆಮೇಲೆ ತುಂಬ ಮೆತ್ತಗೆ ಕೇಳಿದ.

"ಅಂಗಿ ಅಳತೆ ಎಷ್ಟಪ್ಪಾ ನಿಂದು?"