ಹೋಬರ್ಟನ ಆಜೀವ ಲೈಸೆನ್ಸು

ಹೋಬರ್ಟ್ ಟಿಲ್ಲಿ ಕೆಟ್ಟದ್ದು ತಿಂಗಳಿಗೆ ಹತ್ತೊಂಬತ್ತು ಡಾಲರ್ ಉಳಿಸಲು ಹೋಗಿ.

ಆ ಸೋಮವಾರ ಬೆಳಿಗ್ಗೆ ಅವನು ಬನ್ನಿನಂಥ ಮೆತ್ತನೆಯ ಬಿಸ್ಕತ್ತನ್ನು ಗ್ರೇವಿಗೆ ಅದ್ದಿ ಇನ್ನೇನು ಬಾಯಿಗಿಡಬೇಕು, ಫೋನು ಟಿಣ್ ಅಂದಿತು. ಹಾಡು ಜೋಡಿಸುವ ಸಾಫ್ಟ್‌ವೇರ್ ಕಂಪನಿಯವರ ಈಮೇಲು. ‘ಇವತ್ತೇ ಕೊನೆಯ ದಿನ! ಒಂದೇ ಸಲ ಮುನ್ನೂರ ತೊಂಬತ್ತೊಂಬತ್ತು ಡಾಲರ್ ಕೊಡಿ, ಬಾಳಿಡೀ ಬಳಸಿ.’

“ರೇಲೀನ್, ನೋಡೇ ಇಲ್ಲಿ! ಲೈಫ್‌ಟೈಮ್ ಲೈಸೆನ್ಸು!” ಎಂದು ಅವನು ಹೆಂಡತಿಯನ್ನು ಕೂಗಿದ. ರೇಲೀನ್ ಬ್ಯೂಟಿ ಪಾರ್ಲರಿನಲ್ಲಿ ಕೆಲಸ ಮಾಡುವವಳು. ಸೋಮವಾರ ಅಂಗಡಿಗೆ ರಜ, ಅವಳ ನಾಲಿಗೆಗೆ ಮಾತ್ರ ಇಲ್ಲ.

“ಹನ್ನೊಂದು ವರ್ಷದಿಂದ ಆ ಸಾಫ್ಟ್‌ವೇರಿಗೆ ತಿಂಗಳ ಬಾಡಿಗೆ ಕಟ್ತಿದ್ದೀಯ. ಎಷ್ಟು ಹಾಡು ಮುಗಿಸಿದೆ?”

“ಒಂದು. ಹೆಚ್ಚೂಕಮ್ಮಿ.”

“ಈಗ ನಿನಗೆ ಐವತ್ತಾರು. ಬಾಳಿಡೀ ಅಂದ್ರೆ ಇನ್ನು ಎರಡೂವರೆ ಹಾಡು ಆಯ್ತು. ಎರಡೂವರೆ ಹಾಡಿಗೆ ನಾನೂರು ಡಾಲರ್ ಸುರೀತೀಯಾ?”

“ಬಾಡಿಗೆ ಮನೇಲಿ ಸಂಸಾರ ಮಾಡೋನಿಗೂ ಸ್ವಂತ ಮನೇಲಿ ಮಾಡೋನಿಗೂ ವ್ಯತ್ಯಾಸ ಇಲ್ವೇನೆ? ಅದು ಹಾಡಲ್ಲೂ ಕೇಳಿಸುತ್ತೆ!”

“ಸಂಜೆ ಐದಕ್ಕೆ ಹಾಡು ಕೊಡಬೇಕು ಅಂತಿದ್ಯಲ್ಲ, ಮೊದಲು ಅದನ್ನ ಮುಗಿಸು. ಬಾಳು ಆಮೇಲೆ ನೋಡ್ಕೊಳ್ಳುವೆಯಂತೆ,” ಎಂದಳು ರೇಲೀನ್.

ಮಾತು ಸರಿಯಾಗಿಯೇ ಇತ್ತು. ನಮ್ಮ ನ್ಯಾಶ್‌ವಿಲ್‌ನಲ್ಲಿ ಹಲ್ಲು ಕೀಳುವವನೂ ಹಾಡು ಬರೆಯುತ್ತಾನೆ, ನಲ್ಲಿ ರಿಪೇರಿಯವನೂ ಬರೆಯುತ್ತಾನೆ. ಯಾರಾದರೂ ಬರೆಯುವುದಿಲ್ಲ ಅಂದರೆ ಊರಿಗೆ ಹೊಸಬರು ಅಂತ ತಿಳಿಯಬೇಕು. ಹೋಬರ್ಟ್ ಮನೆಮನೆಗೆ ಹೋಗಿ ಕಾರ್ಪೆಟ್ಟಿಗೆ ಅಳತೆ ತೆಗೆಯುವವನು. ಹಾಡುಗಳನ್ನು ಗಾಯಕರಿಗೆ ಕೊಡಿಸುವ ಮಿಸ್ ಡಿಲೇನಿ ಎಂಬಾಕೆಯ ಆಫೀಸಿಗೆ ಈಚೆಗೆ ಅಳತೆಗೆ ಹೋದಾಗ, ಟೇಪು ಬಿಚ್ಚಿ ಬಾಗಿಲಿಗೆ ಅಡ್ಡಲಾಗಿ ಕೂತು, ಅವಳಿಂದ ಒಂದು ಮಾತು ಪಡೆದುಕೊಂಡಿದ್ದ. “ಸೋಮವಾರ ಐದರೊಳಗೆ ಕಳಿಸಿ. ಮಂಗಳವಾರ ರೆಕಾರ್ಡಿಂಗ್ ಇದೆ, ಒಂದೇ ಒಂದು ಹಾಡಿಗೆ ಜಾಗ ಇದೆ. ಐದು ದಾಟಿದ್ರೆ ನನಗೆ ಮತ್ತೆ ಮುಖ ತೋರಿಸ್ಬೇಡಿ.” ಹನ್ನೊಂದು ವರ್ಷಕ್ಕೆ ಮೊದಲ ಸಲ ತೆರೆದ ಬಾಗಿಲು ಅದು. ಹೋಬರ್ಟನ ಹಾಡು ಮಳೆಯಲ್ಲಿ ನೆನೆಯುತ್ತ ನಿಂತ ಪಿಕಪ್ ಟ್ರಕ್ಕೊಂದರ ದುಃಖದ ಮೇಲಿತ್ತು. ಕೊನೆಯ ನಾಲ್ಕು ಸಾಲು ಸರಿಮಾಡಿ ಕಳಿಸಿದ್ದರೆ ಮುಗಿದುಹೋಗುತ್ತಿತ್ತು.

ಕೇಳಬೇಕಲ್ಲ! ರೇಲೀನ್ ತಟ್ಟೆ ತೊಳೆಯಲು ಆ ಕಡೆ ತಿರುಗಿದ್ದೇ ತಡ, ಹೋಬರ್ಟ್ ಆಜೀವ ಲೈಸೆನ್ಸು ಕೊಂಡುಬಿಟ್ಟ. ಇನ್ನು ಒಂದು ದಿನದ ಬಾಡಿಗೆ ಯಾಕೆ ದಂಡ ಎಂದು ಅದೇ ಉಸಿರಿನಲ್ಲಿ ಹಳೆಯ ಬಾಡಿಗೆ ಯೋಜನೆಯನ್ನು ರದ್ದೂ ಮಾಡಿದ. ತಕ್ಷಣ ಅವನ ಹಾಡಿನ ಮೇಲೆ ಬೂದು ಬಣ್ಣದ ಪರದೆ ಬಿತ್ತು. ‘ನಿಮ್ಮ ಬಾಡಿಗೆ ಅವಧಿ ಮುಗಿದಿದೆ. ಹಾಡು ತೆರೆಯಲಾಗದು.’

“ಆಗದಿದ್ರೆ ಹೋಗು. ಈಗ ನಾನು ಮನೆ ಯಜಮಾನ,” ಎಂದು ಹೋಬರ್ಟ್ ಅದನ್ನು ಗದರಿಸಿ, ಈಮೇಲಿನಲ್ಲಿ ಬಂದ ಇಪ್ಪತ್ತೈದು ಅಕ್ಷರದ ಗುಪ್ತ ಸಂಖ್ಯೆಯನ್ನು ಒತ್ತಿದ. ತಪ್ಪು ಅಂದಿತು. ಕನ್ನಡಕ ಒರೆಸಿ ಮತ್ತೆ ಒತ್ತಿದ. ಅದೂ ತಪ್ಪು. ಇನ್ನೊಂದು ಸಲ ತಪ್ಪಿದರೆ ಲೈಸೆನ್ಸೇ ರದ್ದಾಗುತ್ತದೆ ಎಂಬ ಕೆಂಪು ಎಚ್ಚರಿಕೆ ಮೂಡಿತು. ಹೋಬರ್ಟ್ ಫೋನು ಹಿಡಿದು ಎದ್ದು ಪಕ್ಕದ ಮನೆಗೆ ಓಡಿದ.

ಪಕ್ಕದ ಮನೆಯ ಡಾಕ್ಟರ್ ಫೆಲ್ಟನ್ ಹಲ್ಲಿನ ವೈದ್ಯವೃತ್ತಿಯಿಂದ ನಿವೃತ್ತನಾಗಿ ಬ್ಯಾಂಜೋ ಹಿಡಿದವನು. ಮೊದಲು ಜನ ಅವನ ಕುರ್ಚಿಯಲ್ಲಿ ಕೂತು ಅರಚುತ್ತಿದ್ದರು, ಈಗ ಬೀದಿಯಲ್ಲಿ ನಿಂತು ಅರಚುತ್ತಾರೆ. ಅವನು ಅಡುಗೆಮನೆಯ ಮೇಜಿನ ಮುಂದೆ ಕೂತು ತಂತಿ ಬಿಗಿಯುತ್ತಿದ್ದ. ನಲ್ಲಿ ರಿಪೇರಿಯ ರೂಫಸ್ ಸಿಂಕಿನ ಕೆಳಗೆ ಮಲಗಿದ್ದ, ಬೂಟು ಮಾತ್ರ ಹೊರಗೆ ಕಾಣುತ್ತಿತ್ತು.

“ಅಷ್ಟಕ್ಕೆ ಗಾಬರಿ ಯಾಕೋ? ಹಲ್ಲು ಕೀಳೋ ಮುಂಚೆ ಎಕ್ಸ್‌ರೇ ತೆಗೀಬೇಕು. ಮೊದಲು ನನ್ನ ಲ್ಯಾಪ್‌ಟಾಪಿಗೆ ಆ ಸಾಫ್ಟ್‌ವೇರು ಇಳಿಸಿ, ನಂಬರು ಹಾಕಿ ಪರೀಕ್ಷೆ ಮಾಡೋಣ. ಸರಿ ಇದ್ರೆ ಆಮೇಲೆ ನಿಂದಕ್ಕೆ ಹಾಕು,” ಎಂದ ಡಾಕ್ಟರ್.

ಹೋಬರ್ಟನಿಗೆ ಅದು ಭಾರೀ ಬುದ್ಧಿವಂತಿಕೆಯ ಮಾತಾಗಿ ಕಂಡಿತು. ಡಾಕ್ಟರ್ ಒಂದೊಂದೇ ಅಕ್ಷರವನ್ನು ನಿಧಾನವಾಗಿ ಒತ್ತಿದ. ಪರದೆಯ ತುಂಬ ಬಣ್ಣದ ಕಾಗದಚೂರು ಹಾರಿದವು. ‘ಅಭಿನಂದನೆಗಳು! ನಿಮ್ಮ ಲೈಸೆನ್ಸು ಇನ್ನು ಮುಂದೆ ಈ ಒಂದು ಕಂಪ್ಯೂಟರಿಗೆ ಮಾತ್ರ, ಬಾಳಿಡೀ.’

ಡಾಕ್ಟರ್ ಮತ್ತೆ ಬ್ಯಾಂಜೋ ಎತ್ತಿಕೊಂಡು, “ನೋಡಿದ್ಯಾ, ನಂಬರು ಸರಿಯಾಗೇ ಇತ್ತು,” ಎಂದ.

“ಡಾಕ್ಟ್ರೇ! ಕೊಂದ್ರಲ್ರೀ ನನ್ನ!”

ಹೋಬರ್ಟ್ ಮತ್ತೆ ಬಾಡಿಗೆಗೇ ಹೋಗಲು ನೋಡಿದ. ‘ನೀವು ನಮ್ಮ ಹೆಮ್ಮೆಯ ಆಜೀವ ಗ್ರಾಹಕರು. ಬಾಡಿಗೆ ಯೋಜನೆ ನಿಮ್ಮಂಥವರಿಗಲ್ಲ’ ಎಂದು ಉತ್ತರ ಬಂತು. ಸರಿ, ಹಾಡನ್ನೇ ಪೆನ್‌ಡ್ರೈವಿಗೆ ತುಂಬಿಕೊಂಡು ತಂದು ಡಾಕ್ಟರ ಲ್ಯಾಪ್‌ಟಾಪಿಗೆ ಸಿಕ್ಕಿಸಿದ. ‘ಬಾಡಿಗೆಯಲ್ಲಿ ಮಾಡಿದ ಹಾಡನ್ನು ಆಜೀವದಲ್ಲಿ ತೆರೆಯಲು ಕಂಪನಿಯ ಒಪ್ಪಿಗೆ ಬೇಕು. ದಯವಿಟ್ಟು ಫೋನ್ ಮಾಡಿ.’

ಫೋನ್ ಮಾಡಿದ. ಪಿಳ್ಳಂಗೋವಿಯ ಒಂದೇ ರಾಗ ಸುತ್ತಿ ಸುತ್ತಿ ಬರತೊಡಗಿತು. ನಡುನಡುವೆ ಒಂದು ಹೆಣ್ಣುದನಿ, “ನಿಮ್ಮ ಕರೆ ನಮಗೆ ಅಮೂಲ್ಯ. ನಿಮ್ಮ ಮುಂದೆ ನಲವತ್ತೊಂದು ಮಂದಿ ಇದ್ದಾರೆ,” ಎಂದಿತು. ಆಗ ಗಂಟೆ ಹತ್ತೂವರೆ.

ಇಷ್ಟರಲ್ಲಿ ಅಂಚೆ ಹಂಚುವ ಓಪಲಮ್ಮ ಬಂದಳು. ಹಾಡು, ಜಗಳ, ಕಾಫಿ ಈ ಮೂರರಲ್ಲಿ ಒಂದರ ವಾಸನೆ ಬಂದರೂ ಸಾಕು, ಅವಳ ಚೀಲ ನೆಲಕ್ಕಿಳಿಯುತ್ತಿತ್ತು. “ಐದೇ ನಿಮಿಷ ಕೂತು ಹೋಗ್ತೀನಿ,” ಎಂದು ಕುರ್ಚಿ ಎಳೆದುಕೊಂಡಳು.

“ಕೊಳ್ಳೋದಕ್ಕಿಂತ ಬಾಡಿಗೇನೇ ವಾಸಿ ಕಣೋ,” ಎಂದ ಡಾಕ್ಟರ್, ತಾನು ಮಾಡಿದ ಘನಕಾರ್ಯವನ್ನು ಆಗಲೇ ಮರೆತು. “ಕೆಟ್ಟುಹೋದ್ರೆ ಬಿಟ್ಟು ನಡೀಬಹುದು.”

“ನಾನು ಕೊಂಡೂ ಇಲ್ಲ, ಬಾಡಿಗೇನೂ ಕಟ್ಟಿಲ್ಲ,” ಎಂದಳು ಓಪಲಮ್ಮ. “ಇನ್ನೊಬ್ಬರ ಅಡುಗೆಮನೇಲಿ ಕೂತು ಬರೀತೀನಿ. ನಾಲ್ಕು ಹಾಡಿಗೆ ನನ್ನ ಹೆಸರಿದೆ.”

“ನಮ್ಮಪ್ಪ ಕೊಟ್ಟ ಸ್ಪ್ಯಾನರು ಇದು,” ಎಂದು ಸಿಂಕಿನ ಕೆಳಗಿಂದ ದನಿ ಬಂತು. “ನಲವತ್ತು ವರ್ಷ ಆಯ್ತು. ತಿರುಗ್ಸೋಕೆ ಯಾರ ಒಪ್ಪಿಗೇನೂ ಕೇಳಿಲ್ಲ.”

“ಸ್ವಲ್ಪ ಬಾಯಿ ಮುಚ್ತೀರಾ? ಕೇಳಿಸ್ತಿಲ್ಲ!” ಎಂದ ಹೋಬರ್ಟ್.

“ನಮಗೆ ಚೆನ್ನಾಗೇ ಕೇಳಿಸ್ತಿದೆ, ಅದೇ ಕಷ್ಟ,” ಎಂದಳು ಓಪಲಮ್ಮ. “ಆ ದರಿದ್ರ ಪಿಳ್ಳಂಗೋವಿ ತಗೊಂಡು ಜಗಲಿಗೆ ಹೋಗಪ್ಪ. ನಿನ್ನ ಸಾಫ್ಟ್‌ವೇರು ಕೆಲಸ ಮಾಡುತ್ತೋ ಇಲ್ವೋ ಅಂತ ಅಷ್ಟರಲ್ಲಿ ನಾವೇ ನೋಡಿಡ್ತೀವಿ.”

ಹೋಬರ್ಟ್ ಜಗಲಿಗೆ ಹೋಗಿ ತೂಗುಕುರ್ಚಿಯಲ್ಲಿ ಕೂತ.

ಇಲ್ಲಿ ನಮ್ಮೂರಿನ ಒಂದು ಕಟ್ಟಳೆ ಹೇಳಿಬಿಡಬೇಕು. ಹಾಡು ಹುಟ್ಟುವಾಗ ಕೋಣೆಯಲ್ಲಿ ಯಾರು ಯಾರು ಇದ್ದರೋ ಅವರೆಲ್ಲರಿಗೂ ಹಾಡಿನಲ್ಲಿ ಸಮಪಾಲು. ಒಬ್ಬ ಇಡೀ ಹಾಡು ಬರೆದಿರಲಿ, ಇನ್ನೊಬ್ಬ ಬರೀ ಆಕಳಿಸಿರಲಿ, ಭೇದವಿಲ್ಲ. ಕೋಣೆಯಲ್ಲಿ ಇಲ್ಲದವನಿಗೆ ಚೂರೂ ಇಲ್ಲ. ಈ ಕಟ್ಟಳೆಯನ್ನು ಹೋಬರ್ಟನಷ್ಟು ನಿಷ್ಠೆಯಿಂದ ಪಾಲಿಸುವವರು ಇನ್ನೊಬ್ಬರಿಲ್ಲ. ಹೋದ ವರ್ಷ ಇದೇ ಡಾಕ್ಟರ ಹಜಾರಕ್ಕೆ ಅಳತೆಗೆ ಬಂದಾಗ ಡಾಕ್ಟರೂ ಓಪಲಮ್ಮನೂ ಒಂದು ಹಾಡು ಬರೆಯುತ್ತಿದ್ದರು. ಜಗಲಿಯಲ್ಲಿ ಕೊಳಾಯಿ ಸರಿಮಾಡುತ್ತಿದ್ದ ರೂಫಸ್ ಕಿಟಕಿಯಿಂದ ತಲೆ ಹಾಕಿ ಒಂದು ಸಾಲು ಕೂಗಿದ. ಇಡೀ ಹಾಡಿನಲ್ಲಿ ಚೆನ್ನಾಗಿದ್ದದ್ದು ಅದೊಂದೇ. ಆದರೆ ಹೆಸರು ಬರೆಯುವಾಗ ನೆಲಕ್ಕೆ ಟೇಪು ಹಿಡಿದು ಕೂತಿದ್ದ ಹೋಬರ್ಟ್ ಎದ್ದು ನಿಂತು, “ನಾನು ಕೋಣೆಯೊಳಗಿದ್ದೆ, ನನ್ನ ಹೆಸರು ಹಾಕಿ. ರೂಫಸ್ ಇದ್ದದ್ದು ಜಗಲೀಲಿ. ಜಗಲಿ ಕೋಣೆಯಲ್ಲ,” ಎಂದು ತೀರ್ಪು ಕೊಟ್ಟಿದ್ದ. ಆ ಹಾಡನ್ನು ಯಾರೂ ಕೊಳ್ಳಲಿಲ್ಲ. ರೂಫಸ್ ಮಾತ್ರ ಅಂದಿನಿಂದ ಹೋಬರ್ಟನ ಮನೆಯ ನಲ್ಲಿ ಸೋರಿದರೆ, ಸೋರಲಿ ಅನ್ನುತ್ತಿದ್ದ.

ನಲವತ್ತೊಂದು ಮೂವತ್ತಾಯಿತು, ಮೂವತ್ತು ಹತ್ತೊಂಬತ್ತಾಯಿತು. ಮಧ್ಯಾಹ್ನ ರೇಲೀನ್ ಗಂಡನನ್ನು ಹುಡುಕಿಕೊಂಡು ಕೆಂಪು ಮೆಣಸಿನಕಾಯಿ ಬೆರೆಸಿದ ಪಿಮೆಂಟೊ ಚೀಸಿನ ಸ್ಯಾಂಡ್‌ವಿಚ್ಚು ತಂದಳು. ಅವನ ಕೈಗೆ ಒಂದನ್ನು ಇಟ್ಟು ಉಳಿದ ಹನ್ನೊಂದನ್ನು ಒಳಗೆ ಒಯ್ದಳು. ಒಂದೂವರೆಗೆ ಅವನ ಮುಂದೆ ಏಳೇ ಮಂದಿ ಉಳಿದರು. ಹೋಬರ್ಟನಿಗೆ ಜೀವ ಬಂದಂತಾಯಿತು. ಅದೇ ಗಳಿಗೆಗೆ ಓಪಲಮ್ಮ ಸಿಹಿ ಚಹಾ ತಂದು ಕೊಟ್ಟಳು. ಅವನು ಫೋನನ್ನು ಕೆನ್ನೆಗೂ ಭುಜಕ್ಕೂ ಸಿಕ್ಕಿಸಿಕೊಂಡು ಲೋಟಕ್ಕೆ ಕೈ ಚಾಚಿದ. ಕೆನ್ನೆ ಯಾವುದೋ ಗುಂಡಿಯನ್ನು ಒತ್ತಿತು.

“ನಿಮ್ಮ ಕರೆ ನಮಗೆ ಅಮೂಲ್ಯ. ನಿಮ್ಮ ಮುಂದೆ ಐವತ್ತೆರಡು ಮಂದಿ ಇದ್ದಾರೆ.”

“ಅಯ್ಯಯ್ಯೋ!” ಬೀದಿಯ ನಾಯಿಗಳೆಲ್ಲ ಎದ್ದು ಕೂರುವಂತೆ ಹೋಬರ್ಟ್ ಕೂಗಿದ. “ಏಳರಲ್ಲಿದ್ದೋನು ಐವತ್ತೆರಡಾದೆನಲ್ಲಪ್ಪೋ!”

ಅಡುಗೆಮನೆಯಲ್ಲಿ ಯಾರೋ “ಬರ್ಕೋ, ಬರ್ಕೋ” ಅಂದರು. ಆಮೇಲೆ ಬ್ಯಾಂಜೋ ಸದ್ದು ಜೋರಾಯಿತು.

ಎರಡು ಗಂಟೆಯ ಹೊತ್ತಿಗೆ ರೇಲೀನ್ ಜಾಲರಿ ಬಾಗಿಲಿನ ಹಿಂದೆ ಬಂದು ನಿಂತಳು. “ಪಾಪ, ಈಗ ನಿನಗೆ ಏನನ್ನಿಸ್ತಿದೆ ಹೇಳು,” ಎಂದು ಮೆತ್ತಗೆ ಕೇಳಿದಳು.

ಇಪ್ಪತ್ತೆಂಟು ವರ್ಷದ ದಾಂಪತ್ಯದಲ್ಲಿ ಅವಳು ಆ ಪ್ರಶ್ನೆ ಕೇಳಿರಲಿಲ್ಲ. ಹೋಬರ್ಟನ ಕಣ್ಣು ತುಂಬಿಬಂತು. “ಏನು ಹೇಳ್ಲಿ ರೇಲೀನ್? ಬಾಳಿಡೀ ಬಾ ಅಂತ ಕರೆದ್ರು, ಬಾಗಿಲಲ್ಲೇ ಕೂರಿಸಿದ್ರು. ಫೋನಲ್ಲಿರೋಳು ನನ್ನ ಕರೆ ಅಮೂಲ್ಯ ಅಂತಾಳೆ, ಆದ್ರೆ ನನ್ನ ಹೆಸರೂ ಕೇಳಲ್ಲ ಅವಳು.”

“ಆಹಾ,” ಎಂದಳು ರೇಲೀನ್. “ಇನ್ನೊಂದ್ಸಲ ಹೇಳು, ನಿಧಾನವಾಗಿ.”

ಅವನು ಹೇಳಿದ. ಅವಳು ಒಳಗೆ ಹೋದಳು. ಮತ್ತೆ ಎರಡು ಸಲ ಬಂದು ವಿಚಾರಿಸಿದಳು. ಕಷ್ಟಕಾಲದಲ್ಲೇ ಹೆಂಡತಿಯ ಪ್ರೀತಿ ಗೊತ್ತಾಗುವುದು ಎಂದು ಹೋಬರ್ಟ್ ಮೂಗೊರೆಸಿಕೊಂಡ. ಒಳಗೆ ನಗು, ಟೇಬಲ್ ಕುಟ್ಟುವ ಸದ್ದು, ರೂಫಸನ ಕಂಚಿನ ಕಂಠ. ನಾನು ಇಲ್ಲಿ ಸಾಯುತ್ತಿದ್ದೇನೆ, ಇವರಿಗೆ ಹಬ್ಬ ಎಂದು ಅವನು ಹಲ್ಲು ಕಡಿದ.

ಐದಕ್ಕೆ ಹತ್ತು ನಿಮಿಷ ಇದೆ ಅನ್ನುವಾಗ ಪಿಳ್ಳಂಗೋವಿ ನಿಂತಿತು. ಒಬ್ಬ ಮನುಷ್ಯ ಆಕಳಿಸಿ, ಹೆಸರು ಕೇಳಿ, ಏನನ್ನೋ ಒತ್ತಿ, “ಒಪ್ಪಿಗೆ ಕೊಟ್ಟಿದ್ದೀನಿ ಸರ್, ಹಾಡು ತೆರೆಯುತ್ತೆ. ಅರ್ಧ ನಿಮಿಷದ ಕೆಲಸ,” ಎಂದ.

ಹೋಬರ್ಟ್ ಜಾಲರಿ ಬಾಗಿಲನ್ನು ತಳ್ಳಿಕೊಂಡು ಒಳಗೆ ನುಗ್ಗಿದ. “ಏಳಿ ಏಳಿ, ಎಲ್ಲಾ ಏಳಿ! ಒಪ್ಪಿಗೆ ಸಿಕ್ತು! ಹತ್ತು ನಿಮಿಷ ಇದೆ!”

ಯಾರೂ ಏಳಲಿಲ್ಲ. ಆದರೆ ಫೋನು ಅವನ ಕೈಯಲ್ಲೇ ಮೊಳಗಿತು. ಮಿಸ್ ಡಿಲೇನಿ! ಅವನು ಸ್ಪೀಕರಿಗೆ ಹಾಕಿದ.

“ಮಿಸ್ಟರ್ ಟಿಲ್ಲಿ, ನಿಮ್ಮ ಈಮೇಲಿಂದ ಹಾಡು ಬಂತು. ಮೂರು ಸಲ ಕೇಳಿದೆ. ಗಾಯಕರೂ ಕೇಳಿದ್ರು, ಬಿದ್ದು ಬಿದ್ದು ನಕ್ಕರು, ಆಮೇಲೆ ಅತ್ತರು. ನಾಳೆ ರೆಕಾರ್ಡಿಂಗು. ಇಷ್ಟು ವರ್ಷ ನಿಮ್ಮನ್ನ ಕಂಡ್ರೆ ತಪ್ಪಿಸ್ಕೊಂಡು ಓಡ್ತಿದ್ದೆ. ತಪ್ಪಾಯ್ತು.”

ಹೋಬರ್ಟನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಾಡು ಹೇಗೆ ಹೋಯಿತು ಎಂದು ಯೋಚಿಸುವ ಗೊಡವೆಗೇ ಹೋಗದೆ, “ಯಾವ ಸಾಲು ಹಿಡಿಸ್ತು ಮೇಡಂ? ಮಳೇಲಿ ಟ್ರಕ್ಕು ಅಳೋದಾ?” ಎಂದ.

“ಟ್ರಕ್ಕೇ? ಯಾವ ಟ್ರಕ್ಕು? ಫೋನು ಹಿಡಿದು ಕಾಯ್ತಾ ಕೂತಿರೋ ಆ ಬಡಪಾಯಿ ಹಾಡು ಕಣ್ರೀ. ‘ಏಳರಲ್ಲಿದ್ದೋನು ಐವತ್ತೆರಡಾದೆ’. ಬರೆದವರ ಹೆಸರು ಹೇಳಿ, ಕಾಗದ ಪತ್ರಕ್ಕೆ ಬೇಕು.”

ಹೋಬರ್ಟ್ ತಿರುಗಿ ನೋಡಿದ. ಡಾಕ್ಟರ್ ಬ್ಯಾಂಜೋ ಒರೆಸುತ್ತಿದ್ದ. ಓಪಲಮ್ಮ ಚಾವಣಿ ನೋಡುತ್ತಿದ್ದಳು.

“ಐದಕ್ಕೆ ಬಾಗಿಲು ಹಾಕ್ತಾಳೆ ಅಂದಿದ್ಯಲ್ಲ,” ಎಂದಳು ರೇಲೀನ್. “ನಿನ್ನ ಜಾಗ ಸುಮ್ನೆ ಖಾಲಿ ಹೋಗ್ಬಾರ್ದು ಅಂತ ನಾವೇ ಒಂದು ಮಾಡಿ ನಿನ್ನ ಈಮೇಲಿಂದ ಕಳಿಸಿದ್ವಿ, ಪಾಸ್‌ವರ್ಡು ನನಗೆ ಗೊತ್ತಲ್ಲ. ಸಾಫ್ಟ್‌ವೇರು ಚೆನ್ನಾಗಿದೆ ಕಣೋ, ನಾಲ್ಕು ಗಂಟೇಲಿ ಮುಗೀತು.”

“ಅದು ನನ್ನ ಮಾತು!” ಹೋಬರ್ಟ್ ಅರಚಿದ. “ಒಂದೊಂದು ಅಕ್ಷರಾನೂ ನನ್ನ ಬಾಯಿಂದ ಬಂದಿದ್ದು! ನನ್ನ ಹೆಸರು ಮೊದಲು ಬರೆಸಿ!”

ಆಗ ಸಿಂಕಿನ ಕೆಳಗಿಂದ ರೂಫಸ್ ನಿಧಾನವಾಗಿ ಹೊರಗೆ ಬಂದ. ಬೆಳಿಗ್ಗೆ ತೊಟ್ಟಿಕ್ಕುತ್ತಿದ್ದ ನಲ್ಲಿ ಇನ್ನೂ ತೊಟ್ಟಿಕ್ಕುತ್ತಲೇ ಇತ್ತು. ಅವನು ಒಂದೊಂದೇ ಬೆರಳನ್ನು ಬಟ್ಟೆಗೆ ಒರೆಸಿಕೊಂಡ.

“ಮಾತು ನಿಂದೇ ಹೋಬರ್ಟ್, ಯಾರು ಇಲ್ಲ ಅಂದ್ರು? ಎಲ್ಲಿ ಕೂತು ಆಡ್ದೆ?”

ಹೋಬರ್ಟ್ ಜಾಲರಿ ಬಾಗಿಲಿನಾಚೆಯ ತೂಗುಕುರ್ಚಿಯನ್ನು ನೋಡಿದ.

“ಕೋಣೆಯೊಳಗಿದ್ರಾ ಮಿಸ್ಟರ್ ಟಿಲ್ಲಿ?” ಎಂದು ಫೋನಿನೊಳಗಿಂದ ಮಿಸ್ ಡಿಲೇನಿ ಕೇಳಿದಳು. ಅವಳೂ ಈ ಊರಿನವಳೇ.

“ಜಗಲೀಲಿದ್ರು ಮೇಡಂ,” ಎಂದ ರೂಫಸ್ ಬಹಳ ಗೌರವದಿಂದ. “ಜಗಲಿ ಕೋಣೆಯಲ್ಲ. ತೀರ್ಪು ಕೊಟ್ಟೋರೂ ಇವರೇ. ಬರ್ಕೊಳ್ಳಿ, ನಾಲ್ಕು ಹೆಸರು.”

ಮಾಡಿದ್ದುಣ್ಣೋ ಮಹಾರಾಯ ಅನ್ನುವುದು ಇದಕ್ಕೇ. ನಾಲ್ಕು ಹೆಸರಿನಲ್ಲಿ ಕೊನೆಯದು ರೇಲೀನ್ ಟಿಲ್ಲಿ. ಹೆಂಡತಿ ತನ್ನ ಹೆಸರಿನ ಒಂದೊಂದು ಅಕ್ಷರವನ್ನೂ ಬಿಡಿಸಿ ಹೇಳುವುದನ್ನು ಹೋಬರ್ಟ್ ಕುಸಿದು ಕೂತು ಕೇಳಿಸಿಕೊಂಡ. ಹನ್ನೊಂದು ವರ್ಷದ ಟ್ರಕ್ಕು ಪೆನ್‌ಡ್ರೈವಿನಲ್ಲಿ ನೆನೆಯುತ್ತಲೇ ಇತ್ತು. ಫೋನು ಇಡುವ ಮುಂಚೆ ಮಿಸ್ ಡಿಲೇನಿ, “ಇಂಥದ್ದೇ ಇನ್ನೊಂದು ಶುಕ್ರವಾರದೊಳಗೆ ಬೇಕು,” ಎಂದಳು.

“ಸಾಫ್ಟ್‌ವೇರ್ ನನ್ನದು!” ಹೋಬರ್ಟ್ ಕೊನೆಯ ಅಸ್ತ್ರ ಬಿಟ್ಟ. “ಲೈಸೆನ್ಸು ನನ್ನ ಹೆಸರಲ್ಲಿದೆ!”

“ಹೌದಪ್ಪಾ, ನಿಂದೇ. ಬಾಳಿಡೀ,” ಎಂದು ಡಾಕ್ಟರ್ ಲ್ಯಾಪ್‌ಟಾಪನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡ.

“ಹಾಗಾದ್ರೆ ನಾಳೆ ಬರೆಯೋಕೆ ಕೂತಾಗ ನಾನೂ ಬರ್ತೀನಿ! ಸತ್ತರೂ ಬರ್ತೀನಿ!”

“ಬರ್ಲೇಬೇಕು ಮಾರಾಯ, ನೀನಿಲ್ದೆ ಆಗುತ್ತಾ?” ರೂಫಸ್ ಅವನ ಹೆಗಲ ಮೇಲೆ ಒದ್ದೆ ಕೈ ಇಟ್ಟ. “ಹತ್ತಕ್ಕೆ ಸರಿಯಾಗಿ ಬಾ. ಜಗಲೀಲಿ ನಿನ್ನ ಕುರ್ಚಿ ಹಾಕಿಟ್ಟಿರ್ತೀನಿ. ಬರೋವಾಗ ಆ ಕಂಪನಿಗೆ ಫೋನು ಹಚ್ಕೊಂಡೇ ಬಾ.”