ಸಿಂಧನೂರಾಗ ಕುಂತು ಆಫ್ರಿಕಾದ ಊರು ಆರಿಸಿದ್ದು

ನಮ್ಮ ಮನಿಯಾಗ ಇಂಥವು ನಡೀತಾನ ಇರ್ತಾವ. ಒಂದು ಜೋಡಿ ಚಪ್ಪಲಿ ತರಾಕ ನಾಕು ಮಂದಿ ಕೂಡಿ ಹೋಗಿ, ಐದನೇದವನ ಕಾಲಿಗೆ ಹಾಕಿ ನೋಡಿ, ಕಡೀಕ ಛತ್ರಿ ತಗೊಂಡು ಬಂದವರು ನಾವು. ಅಂಥಾದ್ರಾಗ ನನಗ ಆಫ್ರಿಕಾದಾಗ ಊರು ಆರಿಸೋ ಕೆಲಸ ಬಂತು.

ನಾ ಸಿಂಧನೂರಿನ ಒಂದು ರೈಸ್‌ಮಿಲ್ಲಿನಾಗ ಮಿಷಿನ್ ಆಪರೇಟರ್. ಅಕ್ಕಿಯೊಳಗಿನ ಕರೀಕಾಳು, ಹರಳು ಆರಿಸಿ ಒಗಿಯೋ ಮಿಷಿನ್ ನನ್ನ ಕೈಯಾಗ ಐತಿ. ಟಾಂಜಾನಿಯಾ ಅನ್ನೋ ದೇಶದಾಗ ಭತ್ತ ಬೆಳೀತಾರಂತ, ಅಲ್ಲಿ ಮಿಲ್ಲು ಹಾಕಿದ ಒಂದು ಕಂಪನಿಗೆ ನಮ್ಮ ಕಡೆ ಆಪರೇಟರ್ ಬೇಕಾಗ್ಯಾರಂತ. ಮಳಿಗಾಲದಾಗ ಆ ಕಂಪನಿ ಮ್ಯಾನೇಜರ್ ಫೋನ್ ಹಚ್ಚಿ ಹಿಂದಿಯಾಗ, “ನಮ್ಮ ಮಿಲ್ಲು ಮೂರು ಊರಾಗ ಅದಾವ. ದಾರ್ ಎಸ್ ಸಲಾಂ, ಮೊರೊಗೊರೊ, ಮ್ವಾಂಜಾ. ಎಲ್ಲಿರ್ತೀರಿ ನೀವ ಹೇಳ್ರಿ. ಮೊದಲ ಊರು ಹೇಳ್ರಿ, ಉಳಿದದ್ದು ಆಮ್ಯಾಲ” ಅಂದ.

ಹೋಗು ಅಂದಿದ್ರ ಸುಮ್ನ ಹೋಗ್ತಿದ್ದೆ. ಆರಿಸು ಅಂದ, ನಮ್ಮ ಮಂದಿ ಕೈಯಾಗ ಸಿಕ್ಕೆ.

ನನ್ನ ತ್ರಾಸು ಬ್ಯಾರೇನ ಇತ್ತು. ಮಗಳು ಲಗ್ನ ಆಗಿ ಲಿಂಗಸುಗೂರಿಗೆ ಹೋಗ್ಯಾಳ, ಮನಿಯಾಗ ನಾವಿಬ್ಬರ. ಹೆಂಡ್ತಿ ಜೋಳದ ರೊಟ್ಟಿ ಬಡಿದು ಖಾನಾವಳಿಗೆ ಕೊಡ್ತಾಳ. ಅಕಿ ನನ್ನ ಕೂಡ ಬರ್ತಾಳೋ ಇಲ್ಲೋ ನನಗ ಗೊತ್ತಿರಲಿಲ್ಲ. ಹಿಂದೊಮ್ಮೆ ಒಂದು ಸುಗ್ಗಿ ಕಾರಟಗಿ ಮಿಲ್ಲಿನಾಗ ಒಬ್ನ ಇದ್ದು ಬಂದೀನಿ. ದಿನಾ ಅನ್ನ ಹೊತ್ತಿಸಿದೆ, ದಿನಾ ಅದನ್ನ ಉಂಡೆ, ರಾತ್ರಿ ನಿದ್ದಿ ಹತ್ತಲಿಲ್ಲ. ಅಕಿ ಇಲ್ಲದ ನನಗ ಆಗಂಗಿಲ್ಲ. ಆದ್ರ ಮೀಸಿ ಬೆಳ್ಳಗಾದ ಗಂಡಸು ಇದನ್ನ ಬಾಯಿಬಿಟ್ಟು ಹೆಂಗ ಹೇಳ್ತಾನ? “ಬರ್ತಿಯೇನು?” ಅಂತ ಕೇಳಾಕ ಧೈರ್ಯ ಸಾಲಲಿಲ್ಲ. ಒಲ್ಲೆ ಅಂದುಬಿಟ್ರ? ಅದಕ್ಕ, ಅಕಿಗೆ ಒಪ್ಪೋವಂಥಾ ಊರು ಆರಿಸಿದ್ರ ಅಕಿ ತಾನ ಹೊಂಡ್ತಾಳ ಅಂತ ಲೆಕ್ಕ ಹಾಕಿ, ತಿಳಿದವರನ್ನ ಕೇಳಾಕ ಹೊಂಟೆ.

ಗೇಟಿನ ಚಾವಿ

ಮೊದಲ ಹೋಗಿದ್ದು ಮಸ್ಕಿಗೆ, ಅಕ್ಕನ ಮನಿಗೆ. ಅಕ್ಕನ ಗಂಡ, ಅಂದ್ರ ನಮ್ಮ ಮಾವ, ಕಾಲುವಿ ಟೇಲೆಂಡಿನ ರೈತ. ಟೇಲೆಂಡ್ ಅಂದ್ರ ಕಾಲುವಿಯ ಕಟ್ಟಕಡೀ ಭಾಗ. ಮ್ಯಾಲಿನವರು ತಮ್ಮ ಗದ್ದಿ ತುಂಬಿಸ್ಕೊಂಡು ಉಳಿದ ನೀರು ಇವರಿಗೆ. ಉಳಿಯಂಗಿಲ್ಲ.

ನಾ ಮೂರು ಊರಿನ ಹೆಸರು ಹೇಳಿದೆ. ಮಾವ ಹೆಸರು ಕಿವಿಮ್ಯಾಲ ಹಾಕ್ಕೊಳ್ಳಲಿಲ್ಲ.

“ಅದೆಲ್ಲಾ ಇರ್ಲಿ. ಮ್ಯಾಲಿನ ಭಾಗದಾಗ ಯಾವ್ದು ಬರ್ತತಿ, ಟೇಲೆಂಡಿನಾಗ ಯಾವ್ದು ಬರ್ತತಿ? ನಾ ಅನುಭವಿಸಿದ್ದು ಸಾಕು, ನೀ ಹೋಗಿ ಟೇಲೆಂಡಿಗೆ ಬೀಳಬ್ಯಾಡ.”

“ಮಾವ, ಅಲ್ಲಿ ಕಾಲುವಿ ಮಾತ ಇಲ್ಲ. ಮ್ವಾಂಜಾ ಅನ್ನೋ ಊರು ಒಂದು ಸರೋವರದ ದಂಡಿಗೆ ಐತಿ. ಆ ಸರೋವರ ನಮ್ಮ ರಾಯಚೂರು ಜಿಲ್ಲಾಕಿಂತ ದೊಡ್ಡದಂತ.”

ಮಾವ ಹೆಗಲಿನ ಟವೆಲ್ ತೆಗೆದು ತೊಡಿಮ್ಯಾಲ ಇಟ್ಕೊಂಡ. ಜಿಲ್ಲಾದಷ್ಟು ನೀರು ಅಂದ್ರ ಹೆಂಗಿರ್ತತಿ ಅಂತ ಮನಸಿನಾಗ ನೋಡಾಕತ್ತಿದ್ದ ಕಾಣಿಸ್ತತಿ.

“ಬ್ಯಾಸಿಗಿಗೂ ಇರ್ತತಿ?”

“ಬ್ಯಾಸಿಗಿಗೂ ಇರ್ತತಿ.”

“ನೀರು ಬಿಡೋ ಗೇಟಿನ ಚಾವಿ ಯಾರ ಹತ್ರ ಇರ್ತತಿ?”

“ಗೇಟ ಇಲ್ಲ ಮಾವ.”

ಮಾವ ನನ್ನ ನೋಡಿ ಮರುಗಿದ. “ಗೇಟ್ ಇಲ್ಲದ ನೀರು ಎಲ್ಲ್ಯಾರ ಇರ್ತತೇನೋ ಹುಚ್ಚ? ಐತಿ. ನಿನಗ ಹೇಳಿಲ್ಲ ಅವರು. ಹೋದ ಕೂಡ್ಲೆ ಗೇಟ್ ಎತ್ತೋನ ಮನಿ ಎಲ್ಲೈತಿ ಹುಡುಕು, ಅದರ ಬಾಜೂಕ ಮನಿ ಮಾಡು. ಊರು ಯಾವ್ದಾದ್ರೂ ನಡೀತತಿ.”

ಕಲ್ಲು

ಆದ್ರೂ ನೀರಿರೋ ಊರು ಅಂದ್ರ ಹೆಣ್ಮಕ್ಕಳಿಗೆ ಒಪ್ಪತತಿ ಅಂತ, ಮನಿಗೆ ಬಂದು ಹೆಂಡ್ತಿಗೆ ಫೋನಿನಾಗ ಮ್ವಾಂಜಾದ ಫೋಟೊ ತೋರಿಸಿದೆ. ಆ ಊರಿನ ಹೆಸರಾಂತ ವಿಶೇಷ ಏನಂದ್ರ, ನೀರಿನ ದಂಡಿಗೆ ಮನಿಗಾತ್ರದ ಬಂಡಿಗಲ್ಲು. ಕಲ್ಲಿನ ಮ್ಯಾಲ ಕಲ್ಲು, ಅದರ ಸಂದ್ಯಾಗ ಮನಿ.

ಅಕಿ ಹಿಟ್ಟಿನ ಕೈ ಸೆರಗಿಗೆ ಒರಸ್ಕೊಂಡು ಫೋನ್ ಇಸ್ಕೊಂಡ್ಳು. ಹಿಂದ ಮುಂದ ಸರಿಸಿ ನೋಡಿದ್ಲು. ನನಗ ಆಸೆ ಹುಟ್ಟಿತು.

“ಮಸ್ಕಿ ಗುಡ್ಡ ಅಲ್ಲೇನಿದು?”

“ಅಲ್ಲ, ಆಫ್ರಿಕಾ.”

“ಇಷ್ಟು ಕಲ್ಲು ನೋಡಾಕ ವಿಮಾನ ಯಾಕ ಬೇಕ್ರಿ? ನಿಮ್ಮಕ್ಕನ ಊರಿಗೆ ತಾಸಿಗೊಂದು ಬಸ್ ಐತಿ,” ಅಂತ ಫೋನ್ ವಾಪಸ್ ಕೊಟ್ಳು.

ಮ್ವಾಂಜಾ ಅಲ್ಲಿಗೆ ಮುಗೀತು.

ಟವೆಲ್

ಲಿಂಗಸುಗೂರಿನ ನಮ್ಮ ಬೀಗರು ಬಸ್ ಕಂಡಕ್ಟರ್ ಆಗಿ ರಿಟೈರ್ ಆಗ್ಯಾರ. ಅವರ ಪ್ರಕಾರ ಈ ಭೂಮಿಮ್ಯಾಲ ಎರಡ ನಮೂನಿ ಊರು. ಒಂದು ಬಸ್ ಹುಟ್ಟೋ ಊರು, ಇನ್ನೊಂದು ಬಸ್ ಹಾದು ಹೋಗೋ ಊರು. ಬಸ್ ಹುಟ್ಟೋ ಊರಾಗ ಕುಂದ್ರಾಕ ಸೀಟು ಸಿಗತತಿ. ಹಾದು ಹೋಗೋ ಊರಾಗ ಇದ್ದವರು ಜೀವನಪೂರ್ತಿ ಕಂಬಿ ಹಿಡಕೊಂಡು ನಿಂದ್ರಬೇಕು. ಮಗಳನ್ನ ಅವರ ಮನಿಗೆ ಕೊಡೋ ಮುಂದ, “ನಮ್ಮೂರಾಗ ಡಿಪೋ ಐತ್ರಿ” ಅಂತ ಹೇಳಿ ಅವರು ಎದಿ ಉಬ್ಬಿಸಿದ್ದು ನನಗ ಇನ್ನೂ ನೆನಪೈತಿ.

“ಬೀಗ್ರ, ಕಣ್ಣುಮುಚ್ಚಿ ದಾರ್ ಎಸ್ ಸಲಾಂ ಆರಿಸ್ರಿ,” ಅಂದ್ರು. “ವಿಮಾನ ಅಲ್ಲೇ ಹುಟ್ಟತತಿ. ಊರಿಗೆ ಬರಾಕ ಆರಾಮ ಸೀಟು.”

“ಬೀಗ್ರ, ವಿಮಾನದಾಗ ಎಲ್ಲಿ ಹತ್ತಿದ್ರೂ ಸೀಟ್ ನಂಬರ್ ಮೊದಲ ಬರೆದು ಕೊಟ್ಟಿರ್ತಾರಲ್ರಿ.”

ಅವರು ನಕ್ಕರು. ಸೇವಾ ಮಾಡಿ ಬಂದ ಮನುಷ್ಯಾನ ನಗು ಅದು.

“ಬರೆದಿರ್ತಾರ್ರಿ. ಬರೆಯೋದು ಬ್ಯಾರೆ, ಟವೆಲ್ ಹಾಕೋದು ಬ್ಯಾರೆ. ಕಿಟಕ್ಯಾಗಿಂದ ಮೊದಲ ಯಾವನರೆ ಟವೆಲ್ ಒಗದಿದ್ದ ಅಂದ್ರ ನಿಮ್ಮ ನಂಬರ್ ತಗೊಂಡು ಏನು ಮಾಡ್ತೀರಿ?”

ವಿಮಾನದ ಕಿಟಕಿ ತೆಗಿಯಾಕ ಬರಂಗಿಲ್ಲ ಅಂತ ನಾ ಹೇಳಿದೆ. ಅವರು ಸ್ವಲ್ಪ ಹೊತ್ತು ವಿಚಾರ ಮಾಡಿ, “ಹಂಗಾರ ಅದು ಎಕ್ಸ್‌ಪ್ರೆಸ್ ಇರಬೇಕು” ಅಂದ್ರು.

ನೋಡಿ ಬಂದವರು

ಇವರೆಲ್ಲಾ ನೋಡದ ಹೇಳಾಕತ್ಯಾರ, ನೋಡಿದವರನ್ನ ಕೇಳಬೇಕು ಅಂತ ಬಾಜೂ ಮನಿ ಚಾಚಾನ ಹತ್ರ ಹೋದೆ. ಚಾಚಾ ಅರಬ್ ದೇಶದ ದಮ್ಮಾಮ್‌ದಾಗ ಭಾಳ ವರ್ಷ ದುಡಿದು ಬಂದು, ಈಗ ಸಿಂಧನೂರು ಬಸ್‌ಸ್ಟ್ಯಾಂಡ್ ಹಿಂದ ಪಂಚರ್ ಅಂಗಡಿ ಇಟ್ಟಾರ. ನಮ್ಮ ಓಣಿಯಾಗ ಫಾರಿನ್ ವಿಷಯ ಬಂದ್ರ ಚಾಚಾನ ಮಾತ ಕಡೀ ಮಾತು.

“ದೇಖ್ ಬೇಟಾ, ಯಾವ ಊರಿಗಾದ್ರೂ ಹೋಗು, ಮಸೀದಿ ಬಾಜೂಕ ಮನಿ ಮಾಡು.”

“ಚಾಚಾ, ನಾ ನಮಾಜು ಮಾಡಂಗಿಲ್ಲಲ್ಲ.”

“ನಿನಗ ನಮಾಜು ಮಾಡು ಅಂತ ಯಾರು ಅಂದ್ರು? ನಮಾಜಿಗೆ ಮೊದಲ ಕೈಕಾಲು ತೊಳೀಬೇಕು, ಹೌದಿಲ್ಲೋ? ಮಸೀದಿ ನಳ ಎಂದೂ ಬಂದ್ ಆಗಂಗಿಲ್ಲ. ಆ ಲೈನಿನ ಮನಿಗೋಳಿಗೂ ನೀರು ಬರ್ತತಿ.”

ಇದು ಖರೇನ ಉಪಯೋಗದ ಮಾತು ಅನಸ್ತು. ಹುರುಪಿಗೆ ಬಂದು, “ದಮ್ಮಾಮ್ ಊರು ಹೆಂಗೈತಿ ಚಾಚಾ?” ಅಂತ ಕೇಳಿದೆ.

ಚಾಚಾ ಟ್ಯೂಬ್ ನೀರಾಗ ಅದ್ದಿ ಗುಳ್ಳಿ ಹುಡುಕಾಕತ್ತಿದ್ರು. “ಊರು ಅಂದ್ರ?”

“ಊರು. ಬಜಾರು, ರಸ್ತಾ, ಮಂದಿ.”

“ರೂಮಿನಾಗ ಏಳ್ತಿದ್ವಿ. ಕಂಪನಿ ಬಸ್ ಬರ್ತಿತ್ತು, ಹತ್ತಿ ಮಲಗ್ತಿದ್ವಿ. ಪ್ಲಾಂಟಿನಾಗ ಇಳೀತಿದ್ವಿ. ಸಂಜಿಕ ಬಸ್ ಹತ್ತಿ ಮಲಗಿ ರೂಮಿನಾಗ ಇಳೀತಿದ್ವಿ.”

“ಕಿಟಕ್ಯಾಗಿಂದರೆ ಊರು ಕಾಣ್ತಿರಬೇಕಲ್ಲ?”

“ಪರದಾ ಇತ್ತು.”

“ಹಂಗಾರ ಒಟ್ಟಿನ್ಯಾಗ ಹೆಂಗಿತ್ತು?”

ಚಾಚಾಗ ಗುಳ್ಳಿ ಸಿಕ್ಕಿತು. ಅಲ್ಲಿ ಬೆರಳಿಟ್ಟು, ತಲಿ ಎತ್ತಿ, ಮನಸಾರೆ ಹೇಳಿದ್ರು: “ಎಸಿ ಚೊಲೋ ಇತ್ತು.”

ಊರು ನೋಡೋ ಕಾರ್ಯಕ್ರಮ

ದೀಪಾವಳಿ ದಾಟಿತು. ಮ್ಯಾನೇಜರ್ ಮತ್ತ ಫೋನ್ ಮಾಡಿ, “ಸೋಮವಾರದೊಳಗ ಹೇಳ್ರಿ, ಇಲ್ಲಾಂದ್ರ ಬ್ಯಾರೆಯವರನ್ನ ನೋಡ್ತೀವಿ” ಅಂದ. ಹೆಂಡ್ತಿದು ಮಾತ್ರ ರೊಟ್ಟಿ ಬಡಿಯೋದೇ ಬಡಿಯೋದು.

ಮೊರೊಗೊರೊ ಮಿಲ್ಲಿನಾಗ ನಮ್ಮ ಕಾರಟಗಿ ಕಡೆ ಆಪರೇಟರ್ ಒಬ್ಬಾವ ಮೊದಲ ಹೋಗ್ಯಾನ ಅಂತ ಗೊತ್ತಾತು. ಅವನಿಗೆ ವಿಡಿಯೊ ಕಾಲ್ ಮಾಡಿ ಊರು ತೋರಿಸು ಅನ್ನೋದು ಅಂತ ಆತು. ಇಷ್ಟ ಸುದ್ದಿಗೆ ಅಕ್ಕ ಮಸ್ಕಿಯಿಂದ ಬಸ್ ಹತ್ತಿ ಬಂದ್ಳು. ಬರೋವಾಗ ರೇಷ್ಮಿ ಸೀರಿ ಉಟ್ಕೊಂಡು ಬಂದಿದ್ಲು. ನಮ್ಮಕ್ಕ ನಮ್ಮ ಬಳಗದಾಗ ಎಷ್ಟೋ ಹೆಣ್ಣು ನೋಡ್ಯಾಳ, ಮದುವಿ ಕುದುರಿಸ್ಯಾಳ. ಅಕಿಗೆ ನೋಡೋದು ಅಂದ್ರ ಒಂದ ಪದ್ಧತಿ.

ಕಾರಟಗಿಯಾವ ಫೋನಿನಾಗ ಕಾಣಿಸಿಕೊಂಡ. ಅಕ್ಕ ಸುರುಮಾಡಿದ್ಲು.

“ಬೆಳಕಿಗೆ ಬರ್ರಿ. ಊರಿನ ಮುಖ ಸರಿ ಕಾಣವಲ್ದು.”

ಅವ ಬೆಳಕಿಗೆ ಬಂದ.

“ನಾಕು ಹೆಜ್ಜಿ ನಡೆದು ತೋರಿಸ್ರಿ.”

ನಡೆದ. ಹಿಂದ ಹಸರು ಗುಡ್ಡ, ರಸ್ತಾದಾಗ ಆಟೋ, ಬುಟ್ಟ್ಯಾಗ ಬಾಳಿಹಣ್ಣು ಕಂಡ್ವು.

“ಬಣ್ಣ ಚೊಲೋ ಐತಿ,” ಅಂತ ಅಕ್ಕ ನನಗ ಪಿಸುಗುಟ್ಟಿ, ಮತ್ತ ದನಿ ಎತ್ತಿ, “ಮುಚ್ಚಿಡಬ್ಯಾಡ್ರಿ, ರೋಗ ಗೀಗ ಏನಾರ ಐತೇನು?” ಅಂದ್ಲು.

“ಮಳಿಗಾಲದಾಗ ಸ್ವಲ್ಪ ಮಲೇರಿಯಾ ಇರ್ತತ್ರಿ.”

“ಕೇಳಿದ ಕೂಡ್ಲೆ ಹೇಳಿದ. ಚೊಲೋ ಮನಿತನ,” ಅಂತ ಮತ್ತ ನನ್ನ ಕಿವ್ಯಾಗ ಅಂದ್ಲು.

ನನ್ನ ಹೆಂಡ್ತಿ ಕೇಳಿದ್ದು ಒಂದ ವಿಷಯ. “ಊಟಕ್ಕ ಏನು ಮಾಡ್ಕೊಂತೀರಿ ನೀವೆಲ್ಲಾ?”

“ಮೆಸ್ಸಿನಾಗ ಅನ್ನ, ಇಲ್ಲಾಂದ್ರ ಮೆಕ್ಕಿಜೋಳದ ಮುದ್ದಿ, ಅಕ್ಕಾರ. ಇಲ್ಲಿ ಬಿಳಿಜೋಳ ಬೇಕಾದಷ್ಟು ಸಿಗತತಿ, ಬಡಿಯೋರಿಲ್ಲ. ರೊಟ್ಟಿ ಮುಖ ನೋಡಿ ಭಾಳ ದಿನ ಆತು.” ಪಾಪ, ಅವನ ದನಿ ಇಳೀತು. ಹೆಂಡ್ತಿ ಅವನ ನಂಬರ್ ತನ್ನ ಫೋನಿನಾಗ ಇಳಿಸ್ಕೊಂಡ್ಳು.

ಕಡೀಕ ಅಕ್ಕ ಸೆರಗು ಸರಿಮಾಡ್ಕೊಂಡು, “ಆತ್ರೀ. ನಾವು ಊರಿಗೆ ಹೋಗಿ, ಹಿರಿಯರ ಕೂಡ ವಿಚಾರ ಮಾಡಿ ತಿಳಸ್ತೀವಿ” ಅಂದ್ಲು. ನಾವು ನಮ್ಮ ಮನಿಯಾಗ ಕುಂತಿದ್ವಿ.

ಅವನೂ ನಮ್ಮ ಕಡೆಯಾವ. ಬಾಯಿಗೆ ಬಂದುಬಿಡ್ತು: “ಆಗ್ಲಿ ರೀ. ನಮ್ಮ ಕಡಿಂದ ಏನಾರ ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೋರಿ.” ಹಂಗಂದು ಎರಡೂ ಕೈ ಮುಗಿದ. ಅವನ ಫೋನ್ ಕೆಳಗ ಬಿತ್ತು. ಅದಾದ ಮ್ಯಾಲ ಸ್ವಲ್ಪ ಹೊತ್ತು ನಾವೆಲ್ಲರೂ ಮೊರೊಗೊರೊದ ಆಕಾಶ ನೋಡಿದ್ವಿ. ಅದೂ ಚೊಲೋ ಐತಿ ಅಂದ್ಲು ಅಕ್ಕ.

ಸೋಮವಾರ

ಸೋಮವಾರ ಮುಂಜಾನೆದ್ದೂ ಹೆಂಡ್ತಿ ಬರ್ತೀನಿ ಅನ್ನಲಿಲ್ಲ. ಅಕಿಗೆ ಬರೋ ಮನಸಿಲ್ಲ, ಮುಗೀತು ಅನ್ಕೊಂಡೆ. ಮಿಲ್ಲಿಗೆ ಹೋಗಿ, ಭತ್ತದ ಚೀಲದ ಮರಿಗೆ ನಿಂತು ಮ್ಯಾನೇಜರ್‌ಗೆ ಫೋನ್ ಹಚ್ಚಿದೆ.

“ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ನಾ ಬರಂಗಿಲ್ಲ.”

ಆ ಕಡೆ ಮನುಷ್ಯಾ ಗಾಬರಿ ಆದ. “ಅಯ್ಯೋ, ಹಂಗನಬ್ಯಾಡ್ರಿ! ನಿಮ್ಮ ಮನಿಯವರು ಮೊರೊಗೊರೊ ಅಂತ ಶನಿವಾರನ ಹೇಳ್ಯಾರಲ್ಲ?”

“ಯಾರು?”

“ನಿಮ್ಮ ಹೆಂಡ್ತಿ. ಕಾರಟಗಿಯಾವನ ಹತ್ರ ನನ್ನ ನಂಬರ್ ಇಸ್ಕೊಂಡು, ಯಾರೋ ಚಾಚಾ ಅಂತ, ಅವರನ್ನ ಬಾಜೂಕ ಕುಂದ್ರಿಸ್ಕೊಂಡು ಹಿಂದಿಯಾಗ ಮಾತಾಡ್ಸಿದ್ರು. ಅಲ್ಲಿ ಮೆಸ್ಸು ನಡಸಾಕ ಒಪ್ಯಾರ. ರೊಟ್ಟಿ ಮಾಡೋರು ಬರ್ತಾರಂತ ತಿಳಿದು, ಕೆಲಸ ಬಿಟ್ಟು ಊರಿಗೆ ಹೊಂಟಿದ್ದ ಹುಡುಗರು ಗಂಟು ಬಿಚ್ಯಾರ. ಆದ್ರ ಅವರದು ಒಂದು ಶರತ್ತು. ಗಂಡ ಜೋಡಿ ಇಲ್ಲದ ಬರಂಗಿಲ್ಲಂತ. ನೋಡ್ರಿ, ಆಪರೇಟರ್ ಇನ್ನೊಬ್ಬ ಸಿಗ್ತಾನ. ಇವರು ಸಿಗಂಗಿಲ್ಲ. ಕೈ ಮುಗೀತೀನಿ, ನೀವೂ ಬರ್ರಿ. ಮಿಷಿನ್ ನಡಸದಿದ್ರೂ ನಡೀತತಿ.”

ಗಂಡ ಜೋಡಿ ಇಲ್ಲದ ಬರಂಗಿಲ್ಲ ಅಂದಾಳ! ಆಫ್ರಿಕಾದ ಕಂಪನಿಗೆ ಅಂದಾಳ! ಹಮಾಲರು ನಿಂತು ನೋಡಾಕತ್ತಿದ್ರು. ನೋಡ್ಲಿ ಅಂತ ಅಲ್ಲೇ ಕಣ್ಣು ಒರಸ್ಕೊಂಡೆ. ಅಷ್ಟು ಖುಷಿ ನನಗ ಲಗ್ನದ ದಿನಾನೂ ಆಗಿರಲಿಲ್ಲ, ಅವತ್ತು ಬರೇ ಹೆದರಿಕಿ ಇತ್ತು.

ಕೆಲಸ ಬಿಟ್ಟು ಮನಿಗೆ ಓಡಿದೆ. ಅಕಿ ಒಲಿ ಮುಂದ ಕುಂತಿದ್ಲು.

“ನನಗ ಯಾಕ ಹೇಳಲಿಲ್ಲ ನೀ?”

“ಮಸ್ಕಿಗೆ ಹೋಗಿ ಕೇಳಿದ್ರಿ. ಲಿಂಗಸುಗೂರಿಗೆ ಹೋಗಿ ಕೇಳಿದ್ರಿ. ಪಂಚರ್ ಅಂಗಡಿಗೆ ಹೋಗಿ ಕೇಳಿದ್ರಿ. ನನ್ನ ಒಮ್ಮೆ ಕೇಳಿದ್ರೇನು?”

“ಒಲ್ಲೆ ಅಂತಿ ಅಂತ ಹೆದರಿದ್ದೆ. ನೀ ಇಲ್ಲದ ನಾ ಎಲ್ಲಿಗೂ ಹೋಗಂಗಿಲ್ಲ.” ಹೇಳೇಬಿಟ್ಟೆ.

ರೊಟ್ಟಿ ಬಡಿಯೋ ಸಪ್ಪಳ ನಿಂತಿತು. “ಅದು ನನಗ ಕಾರಟಗಿಯಿಂದ ಬಂದಾಗನ ಗೊತ್ತೈತಿ,” ಅಂದ್ಲು. ಮಾರಿ ಕೆಂಪಗಾಗಿತ್ತು, ಒಲಿ ಮುಂದ ಇದ್ಲು ಬಿಡ್ರಿ. ಆಮ್ಯಾಲ ರೊಟ್ಟಿ ಹಂಚಿಗೆ ಹಾಕಿ, “ಅದಿರ್ಲಿ, ನಿಮ್ಮ ಪಾಸ್‌ಪೋರ್ಟ್ ಎಲ್ಲೈತಿ?” ಅಂತ ಕೇಳಿದ್ಲು.

ನಾ ಸುತ್ತ ನೋಡಿದೆ. ಮಳಿಗಾಲದಿಂದ ಇಲ್ಲೀತನಕ ಎಲ್ಲರೂ ಯಾವ ಊರು, ಯಾವ ಊರು ಅಂತ ಕೇಳಿದವರ. ಪಾಸ್‌ಪೋರ್ಟ್ ಅನ್ನೋ ಮಾತು ಒಬ್ಬರ ಬಾಯಾಗೂ ಬಂದಿರಲಿಲ್ಲ. ನನ್ನ ತಲಿಯಾಗೂ ಬಂದಿರಲಿಲ್ಲ.

“ಮಾಡ್ಸಿಲ್ಲ,” ಅಂದೆ. “ನಿಂದು?”

“ನಂದು ಬಂದು ಎಷ್ಟೋ ದಿನ ಆತು. ನಿಮಗ ಮೊದಲ ಫೋನ್ ಬಂದ ವಾರದಾಗ ರಾಯಚೂರಿಗೆ ಹೋಗಿ ಅರ್ಜಿ ಕೊಟ್ಟು ಬಂದೆ. ಪೊಲೀಸರು ವಿಚಾರಣಿಗೆ ಅಂತ ಮನಿಗೂ ಬಂದಿದ್ರು. ಯಜಮಾನ್ರು ಎಲ್ಲೆ, ಅವರದು ಅರ್ಜಿ ಇಲ್ಲೇನು ಅಂತ ಕೇಳಿದ್ರು.”

“ಏನಂದಿ?”

“ಅವರು ಇನ್ನೂ ಊರು ಆರಿಸಾಕತ್ಯಾರ ಅಂದೆ.”